ಸರ್ಟಿಫಿಕೇಟಾ, ಶಾಸನವಾ? ದಾವಣಗೆರೆ–ಚಿತ್ರದುರ್ಗದ ಇತಿಹಾಸ ವಿದ್ಯಾರ್ಥಿ ಎಲ್ಲಿ ಸೇರಿದರೆ ಒಳ್ಳೇದು

ಬಿ.ಎ. ಸೇರಿದ ಮೊದಲ ತಿಂಗಳಲ್ಲೇ ನನ್ನ ಕೈಗೆ ನಾಲ್ಕು ಅರ್ಜಿ ಬಂದಿದ್ದವು. ಒಂದು ಕಾಲೇಜಿನ ಇತಿಹಾಸ ಸಂಘದ್ದು, ಇಪ್ಪತ್ತು ರೂಪಾಯಿ. ಒಂದು ಎನ್‌ಎಸ್‌ಎಸ್‌ನದು, ಪುಕ್ಕಟೆ. ಇನ್ನೊಂದು ಕೋಚಿಂಗ್ ಸೆಂಟರಿನದು, ಅದರ ಫೀಸು ಕೇಳಿ ಅಪ್ಪ ಚಹಾ ಲೋಟ ಕೆಳಗಿಟ್ಟರು. ನಾಲ್ಕನೆಯದು ಹೆಸರಲ್ಲೇ 'ಅಂತರರಾಷ್ಟ್ರೀಯ' ಅಂತಿದ್ದ ಒಂದು ಪರಿಷತ್ತಿನದು. ಹೆಸರು ದೊಡ್ಡದು ಅಂತ ನಾನು ಅದಕ್ಕೇ ಸೇರಿದೆ.

ಎರಡು ವರ್ಷದಲ್ಲಿ ಅಲ್ಲಿಂದ ಸಿಕ್ಕಿದ್ದು ಬಂಗಾರದ ಬಣ್ಣದ ಅಂಚಿನ ಮೂರು ಸರ್ಟಿಫಿಕೇಟು, ಮತ್ತೆ ದುಡ್ಡು ಕೊಟ್ಟು ಅಚ್ಚು ಹಾಕಿಸಿದ ಒಂದು ಲೇಖನ. ಆ ಲೇಖನದಲ್ಲಿ ಹರಿಹರೇಶ್ವರ ದೇವಸ್ಥಾನ ಕಟ್ಟಿಸಿದ್ದು ವಿಜಯನಗರದವರು ಅಂತ ಬರೆದಿದ್ದೆ. ಯಾರೂ ತಿದ್ದಲಿಲ್ಲ. ಹಾಗೇ ಅಚ್ಚಾಯಿತು. ದೇವಸ್ಥಾನ ಕಟ್ಟಿಸಿದ್ದು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ, 1223–24ರಲ್ಲಿ. ಆಮೇಲೆ 1268ರಲ್ಲಿ ಸೋಮ ದಂಡನಾಯಕ, ಅದೇ ಸೋಮನಾಥಪುರ ಕಟ್ಟಿಸಿದವನು, ಇನ್ನಷ್ಟು ಸೇರಿಸಿದ. ಪೋಲಾಳ್ವನ ವಿಷಯ ಅಲ್ಲಿನ ಕಲ್ಲಿನ ಮೇಲೇ ಇದೆ. ವಿಜಯನಗರ ಕಾಲದ ಶಾಸನಗಳೂ ಅಲ್ಲಿವೆ, ನಾನು ಯಾವುದೋ ಪುಸ್ತಕದಲ್ಲಿ ಅವುಗಳ ಬಗ್ಗೆ ಅರ್ಧ ಓದಿ ಗೊಂದಲ ಮಾಡಿಕೊಂಡಿದ್ದೆ. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರು. ಬಸ್ಸು ಹತ್ತಿದರೆ ಅರ್ಧ ಗಂಟೆ. ನಾನು ಒಂದು ಸಲವೂ ಹೋಗಿ ನೋಡಿರಲಿಲ್ಲ.

ಈಗ ಯಾರಾದರೂ "ಯಾವ ಸಂಘ ಸೇರಲಿ ಅಣ್ಣ" ಅಂದರೆ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಅವರು ನಿನ್ನನ್ನು ಕಲ್ಲಿನ ಮುಂದೆಯೋ ಹಳೇ ಕಾಗದದ ಮುಂದೆಯೋ ನಿಲ್ಲಿಸುತ್ತಾರಾ? ನೀನು ಬರೆದ ಎರಡು ಪುಟವನ್ನು ಯಾರಾದರೂ ಕೆಂಪು ಪೆನ್ನು ಹಿಡಿದು ಓದುತ್ತಾರಾ? ಇವೆರಡರಲ್ಲಿ ಒಂದಕ್ಕೂ 'ಹೌದು' ಸಿಗದಿದ್ದರೆ ಆ ಸಂಘಕ್ಕೆ ಶುಕ್ರವಾರ ಮಧ್ಯಾಹ್ನದ ಟೈಂಪಾಸ್‌ಗೆ ಹೋಗಬಹುದು, ಇತಿಹಾಸಕ್ಕೆ ಬೇಡ. ಕೆಳಗಿನದೆಲ್ಲ ಈ ಎರಡು ಪ್ರಶ್ನೆಯ ಅಳತೆಯಲ್ಲೇ ಬರೆದದ್ದು.

ಕಾಲೇಜಿನ ಇತಿಹಾಸ ಸಂಘ

ಹೆಚ್ಚೂಕಮ್ಮಿ ಪ್ರತಿ ಡಿಗ್ರಿ ಕಾಲೇಜಲ್ಲೂ ಒಂದು ಇರುತ್ತದೆ. ಜುಲೈ–ಆಗಸ್ಟಲ್ಲಿ ಉದ್ಘಾಟನೆ, ದೀಪ ಹಚ್ಚುವುದು, ಹಾರ, ಶಾಲು. ಆಮೇಲೆ ಫೆಬ್ರುವರಿಯಲ್ಲಿ ಸಮಾರೋಪ. ನಡುವೆ ಏನು ಅಂತ ಕೇಳಬೇಡಿ. ಒಂದು ಕ್ವಿಜ್ಜು, ಒಂದು ಪ್ರವಾಸ. ಪ್ರವಾಸದಲ್ಲಿ ಹಂಪಿಗೆ ಹೋಗಿ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬರುವುದು.

ಆದರೂ ನಾನು ಮೊದಲ ಸ್ಥಾನ ಇದಕ್ಕೇ ಕೊಡುತ್ತೇನೆ. ಕಾರಣ ಸರಳ. ಇಲ್ಲಿ ಮೇಷ್ಟ್ರು ಕೈಗೆ ಸಿಗುತ್ತಾರೆ. ಸ್ಟಾಫ್ ರೂಮಿಗೆ ಹೋಗಿ "ಸರ್, ಇದನ್ನೊಂಚೂರು ನೋಡಿ" ಅನ್ನಬಹುದು. ಬೇರೆ ಯಾವ ದೊಡ್ಡ ಸಂಸ್ಥೆಯಲ್ಲೂ ಮೊದಲ ವರ್ಷದ ಹುಡುಗಿಗೆ ಈ ಭಾಗ್ಯ ಇಲ್ಲ. ಸಂಘ ಸತ್ತಿದೆ ಅನಿಸಿದರೆ ಕಾರ್ಯದರ್ಶಿ ಹುದ್ದೆಗೆ ನೀವೇ ನಿಲ್ಲಿ, ಸಾಮಾನ್ಯವಾಗಿ ಯಾರೂ ಎದುರು ನಿಲ್ಲಲ್ಲ. ನಿಮ್ಮ ಕೈಗೆ ಬಂದ ಮೇಲೆ ವರ್ಷದ ದುಡ್ಡನ್ನೆಲ್ಲ ಒಂದೇ ಹಂಪಿ ಬಸ್ಸಿಗೆ ಸುರಿಯಬೇಡಿ. ಅದರಲ್ಲಿ ನಾಲ್ಕು ಸಲ ಹತ್ತಿರದ ಊರಿಗೆ ಹೋಗಿಬರಬಹುದು. ಆನೆಕೊಂಡ, ಹರಿಹರ, ಸಂತೆಬೆನ್ನೂರಿನ ಪುಷ್ಕರಣಿ, ದುರ್ಗದ ಚಂದ್ರವಳ್ಳಿ. ಒಬ್ಬೊಬ್ಬರು ಒಂದೊಂದು ಕಲ್ಲನ್ನು ಹಂಚಿಕೊಂಡು ಎರಡೆರಡು ಪುಟ ಬರೆಯಿರಿ, ಮೇಷ್ಟ್ರ ಹತ್ತಿರ ತಿದ್ದಿಸಿ. ಸಂಘ ಅಂದರೆ ಅಷ್ಟೇ. ದೀಪ ಹಚ್ಚದಿದ್ದರೂ ನಡೆಯುತ್ತದೆ.

ಎನ್‌ಎಸ್‌ಎಸ್

"ಇತಿಹಾಸಕ್ಕೂ ಎನ್‌ಎಸ್‌ಎಸ್‌ಗೂ ಏನು ಸಂಬಂಧ?" ಅಂತ ನಾನೂ ಕೇಳಿದ್ದೆ. 1969ರಲ್ಲಿ ಶುರುವಾದ ಯೋಜನೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಚರಂಡಿ ಬಳಿಯುವುದು, ಗಿಡ ನೆಡುವುದು, ರಾತ್ರಿ ಹಾಡು.

ಆ ಏಳು ದಿನದ ಶಿಬಿರವೇ ಸಂಪತ್ತು. ನಮ್ಮ ಶಿಬಿರ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. ಮೂರನೇ ದಿನ ಬೆಳಿಗ್ಗೆ ನಲ್ಲಿ ಹತ್ತಿರ ಮುಖ ತೊಳೆಯಲು ಹೋದೆ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರ ಪಕ್ಕದಲ್ಲಿ ನೆಲಕ್ಕೆ ಅರ್ಧ ಹೂತ ಒಂದು ಕಲ್ಲು. ಸೋಪಿನ ನೊರೆ ಜಾರಿ ಹೋದಾಗ ಕುದುರೆಯ ಕಾಲು ಕಂಡಿತು. ಮೇಲಿನ ಸಾಲಲ್ಲಿ ಇಬ್ಬರು ಹೆಂಗಸರ ನಡುವೆ ಒಬ್ಬ ಗಂಡಸು, ಅದರ ಮೇಲೆ ಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ವೀರಗಲ್ಲು! ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ, ಪುಸ್ತಕದಲ್ಲಿ ಓದಿದ್ದ ಮೂರು ಪಟ್ಟಿ ಹಾಗೇ ಎದುರಿಗೆ. ಒಬ್ಬ ಅಜ್ಜಿ ಬಟ್ಟೆ ಹಿಂಡುತ್ತಾ, "ಅದು ನಮ್ಮ ಈರಪ್ಪ ಕಣಪ್ಪ, ವರ್ಷಕ್ಕೊಂದ್ಸಲ ಎಣ್ಣೆ ಹಚ್ತೀವಿ" ಅಂದರು. ಯಾಕೆ ಹಚ್ತೀರಿ ಅಂದೆ. "ದನ ಕಾಯೋಕ್ ಹೋಗಿ ಸತ್ತನಂತೆ" ಅಂದರು. ತುರುಗೋಳಿನ, ಅಂದರೆ ದನ ಹೊಡೆದೊಯ್ಯುವ ಕಾಳಗದ ಬಗ್ಗೆ ಕ್ಲಾಸಲ್ಲಿ ಒಂದು ಗಂಟೆ ಕೇಳಿದ್ದಕ್ಕಿಂತ ಆ ಒಂದು ಮಾತು ನನಗೆ ಜಾಸ್ತಿ ಹೇಳಿತು.

ಹಾಗಾಗಿ ಎನ್‌ಎಸ್‌ಎಸ್ ಕಲ್ಲಿನ ಮುಂದೆ ನಿಲ್ಲಿಸುತ್ತದೆ, ಆದರೆ ತಿದ್ದುವುದಿಲ್ಲ. ಶಿಬಿರಾಧಿಕಾರಿಗೆ ಮೊದಲೇ ಹೇಳಿ ಒಂದು ಸಂಜೆಯನ್ನು ಊರಿನ ಕಲ್ಲು, ಗುಡಿ, ಕೆರೆಗಳ ಪಟ್ಟಿ ಮಾಡೋಕೆ ಕೇಳಿಕೊಳ್ಳಿ. ಬರೆದದ್ದನ್ನು ವಾಪಸ್ ಬಂದ ಮೇಲೆ ಇತಿಹಾಸದ ಮೇಷ್ಟ್ರಿಗೆ ತೋರಿಸಿ. ಸಂಘ ಮತ್ತು ಎನ್‌ಎಸ್‌ಎಸ್ ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಖರ್ಚೂ ಇಲ್ಲ.

ಕೋಟೆ ಹತ್ತುವ ಗುಂಪುಗಳು

ಭಾನುವಾರ ಬೆಳಿಗ್ಗೆ ದುರ್ಗದ ಕೋಟೆ ಹತ್ತುವ, ಜೋಗಿಮಟ್ಟಿಗೆ ಹೋಗುವ ಗುಂಪುಗಳಿವೆ. ಗಾಳಿ ಚೆನ್ನಾಗಿದೆ, ಸ್ನೇಹ ಚೆನ್ನಾಗಿದೆ. ಇತಿಹಾಸ ಮಾತ್ರ ವಾಟ್ಸಾಪಿನದು. ಓಬವ್ವನ ಕಿಂಡಿ ಮುಂದೆ ನಿಂತು ಇಸವಿ ತಿಂಗಳು ಸಮೇತ ಕತೆ ಹೇಳುವವರು ಸಿಗುತ್ತಾರೆ. ಹೈದರಾಲಿ ದುರ್ಗ ಹಿಡಿದದ್ದು 1779ರಲ್ಲಿ, ಅದು ಗಟ್ಟಿ. ಓಬವ್ವನ ಕತೆ ನಮಗೆ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದದ್ದು. ಅದರಿಂದ ಕತೆಯ ಬೆಲೆ ಕಡಿಮೆಯಾಗಲ್ಲ, ಆದರೆ ಇತಿಹಾಸ ಓದುವವನಿಗೆ ಎರಡರ ನಡುವಿನ ಗೆರೆ ಕಾಣಬೇಕು. ದುರ್ಗದಲ್ಲಿ ಹುಟ್ಟಿದವರಿಗೆ ಇದು ಕಷ್ಟ, ಒಪ್ಪುತ್ತೇನೆ. ಮದಕರಿ ನಾಯಕರ ಬಗ್ಗೆ ನಾವು ಮೊದಲು ಓದುವುದು ಕಾದಂಬರಿಯಲ್ಲಿ, ನೋಡುವುದು ಸಿನಿಮಾದಲ್ಲಿ. ದಾಖಲೆ ಬರುವುದು ಆಮೇಲೆ.

ಪ್ರಬಂಧ ಓದುವ ದೊಡ್ಡ ಸಂಸ್ಥೆಗಳು

ಇಲ್ಲಿ ಜನ ಹೆಚ್ಚು ಗೊಂದಲ ಮಾಡಿಕೊಳ್ಳುತ್ತಾರೆ. ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು.

ಕರ್ನಾಟಕ ಇತಿಹಾಸ ಅಕಾಡೆಮಿ ನಮ್ಮವರಿಗೆ ಮೊದಲ ಮೆಟ್ಟಿಲು. ವಾರ್ಷಿಕ ಸಮ್ಮೇಳನ ಬೇರೆ ಬೇರೆ ಊರಲ್ಲಿ ನಡೆಯುತ್ತದೆ, ಕನ್ನಡದಲ್ಲೇ ಪ್ರಬಂಧ ಓದಬಹುದು. ಓದಿದ ಪ್ರಬಂಧಗಳು 'ಇತಿಹಾಸ ದರ್ಶನ' ಸಂಪುಟಗಳಲ್ಲಿ ಬರುತ್ತವೆ. ಅಲ್ಲಿ ಬರುವವರಲ್ಲಿ ಪ್ರೊಫೆಸರುಗಳಷ್ಟೇ ಅಲ್ಲ, ಹೈಸ್ಕೂಲ್ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದವರು, ತಮ್ಮ ಊರಿನ ಶಾಸನವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುವ ಹವ್ಯಾಸಿಗಳು ಎಲ್ಲ ಇರುತ್ತಾರೆ. ಊಟದ ಸಾಲಲ್ಲಿ ಅವರ ಹಿಂದೆ ನಿಂತರೆ ಪುಕ್ಕಟೆ ಪಾಠ. ಡಿಗ್ರಿ ಕೊನೇ ವರ್ಷದಲ್ಲಿ ಸುಮ್ನೆ ಕೇಳೋಕೆ ಹೋಗಿ, ಎಂ.ಎ.ನಲ್ಲಿ ಓದೋಕೆ ಹೋಗಿ.

ದಕ್ಷಿಣ ಭಾರತ ಇತಿಹಾಸ ಕಾಂಗ್ರೆಸ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಎಂ.ಎ. ಮುಗಿದ ಮೇಲೆ ನೋಡಿದರಾಯಿತು.

ಭಾರತೀಯ ಇತಿಹಾಸ ಕಾಂಗ್ರೆಸ್ ಶುರುವಾದದ್ದು 1935ರಲ್ಲಿ ಪುಣೆಯಲ್ಲಿ. ಸಾಮಾನ್ಯವಾಗಿ ಡಿಸೆಂಬರ್ ಕೊನೆಗೆ ಅಧಿವೇಶನ. ಪ್ರಾಚೀನ, ಮಧ್ಯಕಾಲೀನ, ಆಧುನಿಕ, ಪುರಾತತ್ವ ಅಂತ ವಿಭಾಗಗಳು. ದೇಶದ ದೊಡ್ಡ ದೊಡ್ಡ ಇತಿಹಾಸಕಾರರು ಇಲ್ಲಿ ಅಧ್ಯಕ್ಷರಾಗಿದ್ದಾರೆ. ಆದರೆ ಬಿ.ಎ. ಓದುವಾಗ ಇದಕ್ಕೆ ರೈಲು ಹತ್ತುವುದು ನನಗೆ ಸರಿ ಕಾಣುವುದಿಲ್ಲ. ದಾವಣಗೆರೆಯಲ್ಲೇ ಕೂತು ಇದರ ಲಾಭ ಪಡೆಯಬಹುದು. ಅದರ ವಾರ್ಷಿಕ ಪ್ರಬಂಧ ಸಂಪುಟಗಳು ಸಂಶೋಧನಾ ಲೇಖನಗಳ ಜಾಲತಾಣ ಜೆಸ್ಟೋರ್‌ನಲ್ಲಿವೆ, ಉಚಿತ ಖಾತೆ ತೆರೆದರೆ ತಿಂಗಳಿಗೆ ಒಂದಷ್ಟು ಲೇಖನ ಆನ್‌ಲೈನಲ್ಲೇ ಓದಬಹುದು. ಪ್ರಬಂಧ ಹೇಗೆ ಶುರುಮಾಡುತ್ತಾರೆ, ಅಡಿಟಿಪ್ಪಣಿ ಹೇಗೆ ಹಾಕುತ್ತಾರೆ ಅನ್ನೋದಕ್ಕೆ ಇವನ್ನೇ ಮಾದರಿ ಇಟ್ಟುಕೊಳ್ಳಿ.

ಇನ್ನು ನಾನು ಸೇರಿದ್ದ ಆ 'ಅಂತರರಾಷ್ಟ್ರೀಯ'ದ ಜಾತಿಯವು. ಗುರುತು ಹಿಡಿಯುವುದು ಕಷ್ಟ ಅಲ್ಲ. ಪ್ರಬಂಧ ಕಳಿಸಿದ ಸಂಜೆಯೇ 'ಸ್ವೀಕರಿಸಲಾಗಿದೆ' ಅಂತ ಮೇಲ್ ಬರುತ್ತದೆ. ಕೆಳಗೆ ಬ್ಯಾಂಕ್ ಖಾತೆ ನಂಬರು. ಒಂದೇ ಸಮ್ಮೇಳನದಲ್ಲಿ ಇತಿಹಾಸ, ವಾಣಿಜ್ಯ, ಸಸ್ಯಶಾಸ್ತ್ರ, ಯೋಗ ಎಲ್ಲ. ಸರ್ಟಿಫಿಕೇಟಿಗೆ ಒಂದು ರೇಟು, ಬೆಸ್ಟ್ ಪೇಪರ್ ಅವಾರ್ಡಿಗೆ ಇನ್ನೊಂದು ರೇಟು. ನಾನು ಕೊಟ್ಟ ದುಡ್ಡಿನ ಲೆಕ್ಕ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ದೂರದಲ್ಲಿದ್ದರೂ ಹತ್ತಿರವಾಗುವ ಮನೆಗಳು

ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಮಿಥಿಕ್ ಸೊಸೈಟಿ ಇದೆ, 1909ರಲ್ಲಿ ಹುಟ್ಟಿದ್ದು. ಒಳ್ಳೆಯ ಗ್ರಂಥಾಲಯ, ತುಂಬ ಹಳೆಯ ತ್ರೈಮಾಸಿಕ ಪತ್ರಿಕೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಅಕ್ಷರ ಓದಿಸುವ ಕೆಲಸವನ್ನೂ ಮಾಡುತ್ತಿದ್ದಾರೆ. ಸವೆದು ಬೋಳಾದ ಕಲ್ಲಿನ ಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಎದ್ದು ಬರುವುದನ್ನು ನೋಡಿದರೆ ನಮ್ಮ ಜಿಲ್ಲೆಗಳಿಗೂ ಯಾರಾದರೂ ಬರಬಾರದಾ ಅನಿಸುತ್ತದೆ.

ಶಾಸನ ಓದೋಕೆ ಕಲಿಯಬೇಕು ಅನ್ನುವವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ತರಗತಿ ಒಂದು ದಾರಿ. ಮುಂದೆ ಸಂಶೋಧನೆ ಮಾಡುವ ಮನಸ್ಸಿದ್ದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇನ್ನೊಂದು, ಅವರು ಜಿಲ್ಲಾವಾರು ಶಾಸನ ಸಂಪುಟಗಳನ್ನೂ ತಂದಿದ್ದಾರೆ. ಎರಡರಲ್ಲಿ ಯಾವುದು ಅಂದರೆ, ಕೆಲಸ ಮಾಡುತ್ತಾ ಕಲಿಯುವವರಿಗೆ ಮೊದಲನೆಯದು, ಇದೇ ಬದುಕು ಅಂತ ತೀರ್ಮಾನಿಸಿದವರಿಗೆ ಎರಡನೆಯದು.

ಇಂಟ್ಯಾಕ್ ಅಂತ 1984ರಲ್ಲಿ ಶುರುವಾದ ಸಂಸ್ಥೆಯೂ ಇದೆ. ಅದರ ಒಲವು ಹಳೇ ಕಟ್ಟಡ ಉಳಿಸುವ ಕಡೆಗೆ. ಆರ್ಕಿಟೆಕ್ಚರ್ ಓದುವ ಗೆಳೆಯರಿದ್ದರೆ ಅವರ ಜೊತೆ ಸೇರಿ, ಒಬ್ಬರೇ ಹೋದರೆ ಬೇಸರವಾಗಬಹುದು.

ನಿಮ್ಮ ಊರಿನ ಕಲ್ಲು ಯಾವ ಪುಸ್ತಕದಲ್ಲಿದೆ

ಸಂಘಗಳನ್ನೆಲ್ಲ ಬಿಟ್ಟು ಒಂದೇ ಒಂದು ವಸ್ತು ಆರಿಸಿಕೋ ಅಂದರೆ ನಾನು 'ಎಪಿಗ್ರಾಫಿಯಾ ಕರ್ನಾಟಿಕಾ'ವನ್ನು ಆರಿಸುತ್ತೇನೆ. ಬಿ.ಎಲ್. ರೈಸ್ ಹಳೇ ಮೈಸೂರು ಸೀಮೆಯ ಶಾಸನಗಳನ್ನು ಜಿಲ್ಲೆವಾರು ಸಂಪುಟ ಮಾಡಿದರು. ಹಳೇ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೂಲ ಪಾಠ ಕನ್ನಡ ಲಿಪಿಯಲ್ಲಿ, ಮತ್ತೆ ರೋಮನ್ ಲಿಪಿಯಲ್ಲಿ, ಜೊತೆಗೆ ಇಂಗ್ಲಿಷ್ ಅನುವಾದ.

ಇಲ್ಲೊಂದು ಸಿಕ್ಕು ಇದೆ, ನಮ್ಮ ಎಷ್ಟೋ ಹುಡುಗರು ಇಲ್ಲೇ ಕೈ ಚೆಲ್ಲುತ್ತಾರೆ. 'ದಾವಣಗೆರೆ ಜಿಲ್ಲೆ' ಅಂತ ಹುಡುಕಿದರೆ ರೈಸ್ ಸಂಪುಟಗಳಲ್ಲಿ ಏನೂ ಸಿಗಲ್ಲ. ಯಾಕೆಂದರೆ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಲ್ಲಿದ್ದವು. ಅವುಗಳ ಶಾಸನ 11ನೇ ಸಂಪುಟದಲ್ಲಿ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದವು. ಅವಕ್ಕೆ 7ನೇ ಸಂಪುಟ ತೆಗೆಯಬೇಕು, ಸಂತೆಬೆನ್ನೂರಿನವರೂ ನ್ಯಾಮತಿಯವರೂ ಇದನ್ನೇ ನೋಡಬೇಕು. ಹರಪನಹಳ್ಳಿ ಬಳ್ಳಾರಿಗೆ ಸೇರಿತ್ತು, ಬಳ್ಳಾರಿ 1953ರವರೆಗೆ ಮೈಸೂರಿಗೇ ಸೇರಿರಲಿಲ್ಲ. ಹಾಗಾಗಿ ಬಾಗಳಿ, ಉಚ್ಚಂಗಿದುರ್ಗದ ಕಡೆಯವು ರೈಸ್ ಸಂಪುಟಗಳಲ್ಲೇ ಇಲ್ಲ, 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 9ನೇ ಸಂಪುಟದಲ್ಲಿ ಹುಡುಕಬೇಕು. ಆ ತಾಲ್ಲೂಕು ದಾವಣಗೆರೆಗೆ ಬಂದು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಗೆರೆ ಬದಲಾಗಿದ್ದು ನಕ್ಷೆಯಲ್ಲಿ ಮಾತ್ರ, ಕಲ್ಲು ಇದ್ದಲ್ಲೇ ಇದೆ. ಇನ್ನೊಂದು ಮಾತು. 11ನೇ ಸಂಪುಟದಲ್ಲಿ ಹರಿಹರದ ಶಾಸನಗಳನ್ನು ಹುಡುಕುವಾಗ ಆಗಿನ ದಾವಣಗೆರೆ ತಾಲ್ಲೂಕಿನ ಕೆಳಗೆ ನೋಡಿ. ನಾನು ಒಂದು ವಾರ 'ಹರಿಹರ' ಅನ್ನುವ ತಾಲ್ಲೂಕನ್ನೇ ಹುಡುಕುತ್ತಿದ್ದೆ.

ಚಿತ್ರದುರ್ಗದವರಿಗೆ ಇನ್ನೊಂದು ಬೆಲೆಬಾಳುವ ವಸ್ತು ಇದೆ. ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆಸಿದರು. ಅದರ ವರದಿ ಪುರಾತತ್ವ ಸರ್ವೇಕ್ಷಣದ 'ಏನ್ಷಿಯಂಟ್ ಇಂಡಿಯಾ' ಪತ್ರಿಕೆಯ 4ನೇ ಸಂಚಿಕೆಯಲ್ಲಿದೆ. ಕೆಳಗಡೆ ಕಲ್ಲುಕೊಡಲಿ ಬಳಸುತ್ತಿದ್ದವರ ಪದರ, ಅದರ ಮೇಲೆ ಬೃಹತ್ ಶಿಲಾ ಸಮಾಧಿ ಕಟ್ಟಿದವರದು, ಅದರ ಮೇಲೆ ಸಾತವಾಹನರ ಕಾಲದ್ದು. ಕಂದಕದ ಗೋಡೆಯ ಚಿತ್ರವನ್ನು ನೋಡುತ್ತಾ ಪಾತ್ರೆಯ ಚೂರುಗಳ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಪುರಾತತ್ವ ಅಂದರೆ ಏನು ಅನ್ನುವುದು ಒಂದು ಸೆಮಿಸ್ಟರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಇಂಗ್ಲಿಷ್ ಸ್ವಲ್ಪ ಗಡುಸು, ಡಿಕ್ಷನರಿ ಹತ್ತಿರ ಇರಲಿ.

ಉಳಿದ ಡಿಜಿಟಲ್ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳು ಸಿಗುತ್ತವೆ. ಅವನ್ನು ನಕಲು ಹೊಡೆಯೋಕೆ ಅಲ್ಲ, ಕೊನೆಯ ಗ್ರಂಥಸೂಚಿ ನೋಡೋಕೆ ತೆರೆಯಿರಿ. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್'ನಲ್ಲಿ ಬ್ರಿಟಿಷ್ ಕಾಲದ ಸರ್ಕಾರಿ ಕಡತಗಳಿವೆ. ನಮ್ಮ ರಾಜ್ಯದ ಪತ್ರಾಗಾರ ಬೆಂಗಳೂರಿನ ವಿಕಾಸಸೌಧದಲ್ಲಿದೆ, ಅದಕ್ಕೆ ಕಾಲೇಜಿನ ಪತ್ರ ಹಿಡಿದುಕೊಂಡು ಹೋಗಿ. ನ್ಯಾಷನಲ್ ಡಿಜಿಟಲ್ ಲೈಬ್ರರಿ ಪರೀಕ್ಷೆ ಹಿಂದಿನ ರಾತ್ರಿಗೆ ಪರವಾಗಿಲ್ಲ.

ಕೋಚಿಂಗ್ ಗುಂಪು

ಇದನ್ನು ಬಯ್ಯುವುದು ಫ್ಯಾಷನ್. ನಾನು ಬಯ್ಯಲ್ಲ. ಮನೆಯಲ್ಲಿ ದುಡಿಯುವವರು ಒಬ್ಬರೇ ಇದ್ದರೆ ನೌಕರಿ ಮೊದಲು, ವೀರಗಲ್ಲು ಆಮೇಲೆ. ಆದರೆ ಇವೆರಡೂ ವೈರಿಗಳು ಅಂತ ತಿಳಿಯಬೇಡಿ. ಯುಪಿಎಸ್‌ಸಿಯಲ್ಲಿ ಇತಿಹಾಸ ಐಚ್ಛಿಕ ತಗೊಂಡವರಿಗೆ ಮೊದಲ ಪತ್ರಿಕೆಯ ಮೊದಲ ಪ್ರಶ್ನೆಯೇ ನಕ್ಷೆ. ಇಪ್ಪತ್ತು ಜಾಗ, ಐವತ್ತು ಅಂಕ. ಬ್ರಹ್ಮಗಿರಿ, ಚಂದ್ರವಳ್ಳಿಯಂಥ ಹೆಸರುಗಳು ಬರುವುದು ಅಲ್ಲೇ. ದೆಹಲಿಯ ಹುಡುಗ ಅದನ್ನು ಬಾಯಿಪಾಠ ಮಾಡುತ್ತಾನೆ, ನಮ್ಮ ಹುಡುಗಿ ಬೈಕಲ್ಲಿ ಹೋಗಿ ಬಂದಿರುತ್ತಾಳೆ. ಕೆಸೆಟ್, ನೆಟ್ ಅನ್ನುವ ಉಪನ್ಯಾಸಕರ ಅರ್ಹತಾ ಪರೀಕ್ಷೆ ಬರೆಯುವವರಿಗೂ ಇದೇ ಮಾತು. ಗುಂಪು ಆರಿಸುವಾಗ ಪಿಡಿಎಫ್ ಎಷ್ಟು ಕೊಡುತ್ತಾರೆ ಅಂತ ನೋಡಬೇಡಿ, ಉತ್ತರ ಬರೆಸಿ ತಿದ್ದುತ್ತಾರಾ ನೋಡಿ. ಇಲ್ಲೂ ಕೆಂಪು ಪೆನ್ನೇ ಅಳತೆ.

ದುರ್ಗದವರಿಗೊಂದು, ದಾವಣಗೆರೆಯವರಿಗೊಂದು

ಎರಡೂ ಊರಿಗೆ ಒಂದೇ ಸಲಹೆ ಹೊಂದಲ್ಲ. ದುರ್ಗದ ವಿದ್ಯಾರ್ಥಿಗೆ ಕಲ್ಲು ಮನೆ ಬಾಗಿಲಲ್ಲಿದೆ. ಏಳು ಸುತ್ತಿನ ಕೋಟೆ, ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತು ಸಂಗ್ರಹಾಲಯ, ಊರಿಗೆ ಅಂಟಿಕೊಂಡ ಚಂದ್ರವಳ್ಳಿ. ಮೊಳಕಾಲ್ಮೂರು ಕಡೆ ಹೋದರೆ ಅಶೋಕನ ಶಾಸನಗಳೇ ಮೂರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ರೈಸ್ ಕಣ್ಣಿಗೆ ಬಿದ್ದವು. ಬ್ರಹ್ಮಗಿರಿಯದು ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆಜ್ಞೆ. ಕೊನೆಯಲ್ಲಿ ಬರೆದವನ ಹೆಸರು ಚಪಡ ಅಂತ ಇದೆ, 'ಲಿಪಿಕಾರ' ಅನ್ನುವ ಅರ್ಥದ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಲಿಪಿ ನಮ್ಮ ಬಯಲುಸೀಮೆಯ ಬಂಡೆ ಮೇಲೆ! ಇವನು ಅಲ್ಲಿಂದ ಬಂದವನಾ, ಸುಮ್ನೆ ತನಗೆ ಎರಡು ಲಿಪಿ ಬರುತ್ತದೆ ಅಂತ ತೋರಿಸಿಕೊಂಡನಾ? ಇಂಥ ಪ್ರಶ್ನೆ ಇಟ್ಟುಕೊಂಡು ಜಗಳವಾಡುವ ಐದು ಜನ ಸಿಕ್ಕರೆ ಅದೇ ಸಂಘ. ಹಾಗಾಗಿ ದುರ್ಗದವರು ಶಾಸನ, ಪುರಾತತ್ವದ ಕಡೆಯ ಗುಂಪು ಹುಡುಕಿಕೊಳ್ಳಲಿ.

ದಾವಣಗೆರೆ ಬೇರೆ. ನಮ್ಮದು ಹತ್ತಿ ಮಿಲ್ಲಿನ ಊರು. 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆಸಿಕೊಂಡ ಕಾಲ ಇತ್ತು. ಆ ಕಾಲವನ್ನು ಬದುಕಿದವರು ಇನ್ನೂ ಇದ್ದಾರೆ, ಆದರೆ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರ ಮಾತು ಯಾವ ಸಂಪುಟದಲ್ಲೂ ಇಲ್ಲ. ಇದಕ್ಕೆ ಬೇಕಾದದ್ದು ಶಾಸನದ ಗುಂಪಲ್ಲ, ಮಾತು ದಾಖಲಿಸುವ ಗುಂಪು. ಮೂರ್ನಾಲ್ಕು ಜನ ಸಾಕು. ಒಬ್ಬರು ಪ್ರಶ್ನೆ ಕೇಳಬೇಕು, ಒಬ್ಬರು ಮೊಬೈಲಲ್ಲಿ ರೆಕಾರ್ಡ್ ಮಾಡಬೇಕು, ಒಬ್ಬರು ಆಮೇಲೆ ಕೂತು ಅಕ್ಷರಕ್ಕೆ ಇಳಿಸಬೇಕು. ಮೂರನೆಯ ಕೆಲಸ ಯಾರಿಗೂ ಬೇಡ, ಅದನ್ನು ಸರದಿಯಲ್ಲಿ ಹಂಚಿಕೊಳ್ಳಿ. "ಮಿಲ್ಲಿನ ಇತಿಹಾಸ ಹೇಳಿ ತಾತ" ಅಂದರೆ ಅವರು ಭಾಷಣ ಶುರುಮಾಡುತ್ತಾರೆ. "ಮೊದಲ ದಿನ ಯಾವ ಪಾಳಿ, ಊಟಕ್ಕೆ ಏನು ಕಟ್ಟಿಕೊಂಡು ಹೋಗಿದ್ರಿ" ಅಂತ ಕೇಳಿ, ಕತೆ ತಾನಾಗೇ ಬಿಚ್ಚಿಕೊಳ್ಳುತ್ತದೆ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳುವುದನ್ನು ಮರೆಯಬೇಡಿ. ತುರುವನೂರು ಕಡೆಯವರು ಇದೇ ಥರ 1939ರ ಅರಣ್ಯ ಸತ್ಯಾಗ್ರಹದ ಮನೆಮಾತುಗಳನ್ನು ಹಿಡಿಯಬಹುದು. ಸತ್ಯಾಗ್ರಹ ನೋಡಿದವರು ಸಿಗದಿದ್ದರೂ ಮಕ್ಕಳು, ಮೊಮ್ಮಕ್ಕಳ ಬಾಯಲ್ಲಿ ಉಳಿದದ್ದು ಬಹಳ ಇದೆ.

ಹೋಗುವ ಮುಂಚೆ

ಮೊದಲ ಸಲ ಕಲ್ಲು ನೋಡಲು ಹೋಗುವವರಿಗೆ ಎರಡು ಮಾತು. ಅಕ್ಷರ ಕಾಣಲ್ಲ ಅಂತ ಸೀಮೆಸುಣ್ಣ ತಿಕ್ಕಬೇಡಿ, ಮೈದಾ ಹಿಟ್ಟು ಸವರಬೇಡಿ, ರಂಗೋಲಿ ಪುಡಿ ಸುರಿಯಬೇಡಿ. ಮೊಬೈಲ್ ಟಾರ್ಚನ್ನು ಕಲ್ಲಿಗೆ ಎದುರಾಗಿ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ತಾಗುವ ಹಾಗೆ ಓರೆಯಾಗಿ ಹಿಡಿಯಿರಿ. ಅಕ್ಷರದ ಗುಂಡಿಗಳಲ್ಲಿ ನೆರಳು ಬಿದ್ದು ಸಾಲು ಎದ್ದು ಕಾಣುತ್ತದೆ. ಬೆಳಿಗ್ಗೆ ಏಳು ಗಂಟೆ, ಸಂಜೆ ಐದೂವರೆಯ ಬಿಸಿಲಿಗೆ ಟಾರ್ಚೂ ಬೇಡ. ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಇಲಾಖೆಯವರ ಕೆಲಸ, ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಮುಟ್ಟಲೇಬೇಡಿ. ಅಳತೆ ಟೇಪು, ಒಂದು ನೋಟ್‌ಬುಕ್ಕು, ನೀರಿನ ಬಾಟಲು ಸಾಕು.

ಚಂದ್ರವಳ್ಳಿಯಿಂದಲೇ ಶುರುಮಾಡಿ ಅನ್ನುತ್ತೇನೆ. ಅಲ್ಲಿ ಕದಂಬರ ಮಯೂರಶರ್ಮನ ಚಿಕ್ಕ ಶಾಸನ ಇದೆ, ಪ್ರಾಕೃತದ್ದು, ಮೂರು ಸಾಲು, ಒಂದು ಕೆರೆಯ ಮಾತು. 1929ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಓದಿದಾಗ ಮಯೂರ ಸೋಲಿಸಿದ ರಾಜರ ಉದ್ದ ಪಟ್ಟಿಯೇ ಕಂಡಿತು. ಆಮೇಲೆ ಬಂದ ವಿದ್ವಾಂಸರು ಆ ಓದನ್ನು ಪೂರ್ತಿ ಒಪ್ಪಲಿಲ್ಲ. ಎರಡೂ ಓದನ್ನು ಮೊಬೈಲಿಗೆ ಇಳಿಸಿಕೊಂಡು ಹೋಗಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೋಲಿಸಿ ನೋಡಿ. ಬೆಳಿಗ್ಗೆ ಎಂಟರೊಳಗೆ ಹೋದರೆ ಕಾಲೇಜು ಹುಡುಗರ ಸೆಲ್ಫಿ ಗುಂಪು ಬರುವ ಮುಂಚೆ ಒಂದು ಗಂಟೆ ನಿಮ್ಮದೇ.